ಗುಬ್ಬಿ ಈಜಿದ ದಿನ

ಮಾರ್ಚ್ ೧೪, ಶುಕ್ರವಾರ

ನಿದ್ದೆ ಎಲ್ಲಿ ಬರುತ್ತದೆ! ಆಸ್ತಮಾದ ಮಗು ಎಂದು ಎಲ್ಲರೂ ಕೂರಿಸಿಬಿಡುತ್ತಿದ್ದ ನನ್ನ ಮಗಳು ಗುಬ್ಬಿ ಇವತ್ತು ಈಜುಕೊಳದ ಆಚೆ ತುದಿ ಮುಟ್ಟಿದಳು.

ಎರಡು ವರ್ಷ ಇನ್‌ಹೇಲರ್ ಕೊಟ್ಟರೂ ಗುಣ ಕಾಣದೆ ನಾನು ಔಷಧಿಯನ್ನೇ ಬೈದಿದ್ದೆ. ಎರಡು ತಿಂಗಳ ಹಿಂದೆ ಆಸ್ಪತ್ರೆಯ ನರ್ಸ್ ನಾನು ಕೊಡುವ ರೀತಿ ನೋಡಿ, "ಅಲ್ಲಮ್ಮಾ, ಎಲ್ಲಾ ನಾಲಿಗೆಗೇ ಹೋಗ್ತಿದೆ, ಎದೆಗೆಲ್ಲಿ ಇಳಿಯುತ್ತೆ?" ಎಂದರು. ನಾಚಿಕೆಯಾಯಿತು. ಇನ್‌ಹೇಲರಿಗೆ ಕೊಳವೆ ಜೋಡಿಸಿ, ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯುವುದನ್ನು ಕಲಿಸಿದರು. ಅವತ್ತಿನಿಂದ ಚೆನ್ನಾಗಿದ್ದ ದಿನವೂ ತಪ್ಪಿಸಿಲ್ಲ.

ನೀರಿನಿಂದೆದ್ದ ಗುಬ್ಬಿ ಕೂಗಿದಳು: "ಅಮ್ಮಾ, ಎದೆ ಸೀಟಿ ಹೊಡೀತಿಲ್ಲ! ಬೇಕಾದ್ರೆ ಕೇಳು!"

ಒದ್ದೆ ಬೆನ್ನಿಗೆ ಕಿವಿಯಿಟ್ಟೆ. ಗುಂಡಿಗೆ ಡವಡವ ಎನ್ನುತ್ತಿತ್ತು, ಉಸಿರು ಸಲೀಸಾಗಿ ಬಂದು ಹೋಗುತ್ತಿತ್ತು. ಅವಳು "ಸಾಕು ಬಿಡಮ್ಮಾ" ಎಂದರೂ ನಾನು ಕೇಳುತ್ತಲೇ ಇದ್ದೆ.