ಕೇರಂ ಕೋಣೆಯ ರಾಣಿ

ಇಂಡಿ
೧೨ ಆಗಸ್ಟ್ ೨೦೦೧

ಪ್ರೀತಿಯ ಗೆಳತಿ ಅಬಿದಾ,

ನಾವೆಲ್ಲ ಇಲ್ಲಿ ಕ್ಷೇಮ. ಚಡಚಣದಲ್ಲಿ ನೀನು, ಮಕ್ಕಳು, ನಿಮ್ಮ ಮನೆಯವರು ಹೇಗಿದ್ದೀರಿ? ನಿನ್ನ ಮೂರು ಪತ್ರ ಬಂದರೂ ಒಂದಕ್ಕೂ ಉತ್ತರ ಬರೆಯಲಿಲ್ಲ. ಮಗಳಿಗೆ ಜ್ವರ, ಮನೆಗೆ ಸುಣ್ಣ ಎಂದು ನೆಪ ಹೇಳಬಹುದು. ಬೇಡ, ಎಷ್ಟು ಬೈಯಬೇಕೋ ಬೈದುಬಿಡು.

‘ಅಬ್ಬಾ ಕೇರಂ ಕೋಣಿ ಯಾಕ ಮುಚ್ಯಾರ? ಕೇಳಿದ್ರ ಮೊಣಕಾಲು ನೋವು ಅಂತಾರ’ ಎಂದು ಬರೆದಿದ್ದೀಯ. ಮೊಣಕಾಲೂ ಅಲ್ಲ, ಮಣ್ಣೂ ಅಲ್ಲ. ಮುಚ್ಚಿಸಿದರು!

ಬಟ್ಟೆ ಅಂಗಡಿಯ ಗುರಣ್ಣ ನೆನಪಿದ್ದಾನಲ್ಲ? ಹದಿನೈದು ವರ್ಷ ಆ ಕೋಣೆಯಲ್ಲೇ ಕೂತು, ಎದುರಿನ ಕಾಯಿಯನ್ನೂ ಬೀಳಿಸಲು ಬಾರದೆ, ಬೋರ್ಡೇ ಸೊಟ್ಟ ಎಂದು ಜಗಳ ತೆಗೆಯುತ್ತಿದ್ದವನು. ಅವನ ಮಗ ಹತ್ತನೆಯ ತರಗತಿಯಲ್ಲಿ ಫೇಲಾದದ್ದಕ್ಕೆ ಕೇರಂ ಕಾರಣವಂತೆ! ‘ಅಲ್ಲಿ ಜೂಜು ನಡಿತೈತ್ರಿ’ ಎಂದು ಅರ್ಜಿ ಬರೆದು ಓಣಿಯೆಲ್ಲ ಸುತ್ತಿದ. ನಿಮ್ಮ ಅಬ್ಬಾ, ನಮ್ಮೆಲ್ಲರ ಇಬ್ರಾಹಿಂಸಾಬ ಕಾಕಾನ ಚಹಾ ಕುಡಿದು ಬೆಳೆದವರೇ ಸಹಿ ಹಾಕಿದರು. ಮಾನ ಮರ್ಯಾದೆ ಬೇಡವೇ?

ಜೂಜಂತೆ ಜೂಜು! ಇದ್ದದ್ದು ಎರಡೇ ಬೋರ್ಡು, ಕೂರಲು ಗೋಣಿತಟ್ಟು. ಹೊಲಸು ಮಾತಾಡಿದವರಿಗೆ ಆ ದಿನ ಆಟವಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೊರಟಾಗ ಕಾಕಾ ಗಂಡಸರನ್ನೆಲ್ಲ ಎಬ್ಬಿಸಿ ಕಳಿಸಿ, ‘ಬರ್ರೆವ್ವಾ, ಇನ್ನ ನಿಮ್ಮ ರಾಜ್ಯ’ ಎಂದು ಕೀಲಿಯನ್ನು ನಮ್ಮ ಕೈಗೆ ಕೊಡುತ್ತಿದ್ದರು. ಈ ಊರಲ್ಲಿ ಹೆಂಗಸರು ಕಾಲು ಚಾಚಿ ಕೂತು ಬಾಯ್ತುಂಬ ನಗಲು ಬೇರೆ ಜಾಗ ಎಲ್ಲಿತ್ತು ಹೇಳು? ಸೆರಗಿಗೆಲ್ಲ ಪೌಡರ್ ಮೆತ್ತಿಕೊಂಡು ಬಂದು ಅತ್ತೆಯಿಂದ ಬೈಸಿಕೊಳ್ಳುತ್ತಿದ್ದೆ.

ದಿನದ ಕೊನೆಯ ಆಟ, ಶುಕ್ರವಾರವಾದರೆ ನಮ್ಮ ಕೊನೆಯ ಆಟ, ಗೆದ್ದವರು ಕೆಂಪು ಕಾಯಿಯನ್ನು, ನಮ್ಮ ರಾಣಿಯನ್ನು, ಮನೆಗೆ ಒಯ್ಯಬೇಕು. ಮರುದಿನ ಅವರು ತಂದಿಟ್ಟ ಮೇಲೆಯೇ ಆಟ ಶುರು. ನಿನ್ನ ಮದುವೆಯ ವಾರವೂ ನೀನೇ ಗೆದ್ದು, ಮೆಹಂದಿ ಹಚ್ಚಿದ ಕೈಯಲ್ಲಿ ರಾಣಿಯನ್ನು ಹಿಡಿದು ಮೆರೆಯುತ್ತ ಹೋದೆಯಲ್ಲ!

ಅದನ್ನೇ ಜೂಜು ಎಂದರು. ಠಾಣೆಯಿಂದ ವಿಚಾರಣೆಗೆ ಬಂದ ಸಾಹೇಬ, ಗೆದ್ದವರು ಏನೋ ಒಯ್ಯುತ್ತಾರೆ ಎಂಬ ಒಂದೇ ಮಾತು ಹಿಡಿದು ‘ಪಣ’ ಎಂದು ಬರೆದುಕೊಂಡ. ಕೋಣೆಗೆ ಬೀಗ ಬಿತ್ತು. ಈಗ ಅಲ್ಲಿ ಗುರಣ್ಣನ ಬಟ್ಟೆಯ ಗಂಟುಗಳಿವೆ. ಮಗ ಈ ಸಲವೂ ಫೇಲು. ಇನ್ನು ಯಾರ ಮೇಲೆ ಅರ್ಜಿ ಬರೆಯುತ್ತಾನೋ ನೋಡುತ್ತೇನೆ.

ನಿಮ್ಮ ಅತ್ತೆಗೆ ನನ್ನ ಸಲಾಮು ಹೇಳು. ಮಕ್ಕಳು ನೂರು ವರ್ಷ ಸುಖವಾಗಿ ಬಾಳಲಿ.

ನಿನ್ನ
ದಾನೇಶ್ವರಿ

ತಾ.ಕ.: ಇಷ್ಟು ಬರೆದೂ ನಿಜ ಬರೆಯಲಿಲ್ಲ. ಆ ಮಾತು ಹೇಳಿದವಳು ನಾನೇ. ಅವತ್ತು ಶುಕ್ರವಾರ, ಕಾಕಾ ನಮಾಜಿಗೆ ಹೋಗಿದ್ದರು. ಕೊನೆಯ ಆಟ ಗೆದ್ದು ಬಾಗಿಲಲ್ಲಿ ನಿಂತಿದ್ದೆ. ‘ಗೆದ್ದವರಿಗೆ ಏನ್ ಸಿಗತೈತಿ?’ ಎಂದ ಸಾಹೇಬ. ನಾನು ಹೆಮ್ಮೆಯಿಂದ, ‘ರಾಣೀನ ಮನಿಗಿ ಒಯ್ತೇವ್ರಿ’ ಎಂದೆ. ಅದನ್ನು ಬರೆದು ನನ್ನಿಂದಲೇ ಸಹಿ ಹಾಕಿಸಿಕೊಂಡ. ಮರುದಿನ ರಾಣಿಯನ್ನು ಕೊಡಲು ಹೋದರೆ ಬಾಗಿಲಿಗೆ ಬೀಗ. ಕಾಕಾನ ಮುಂದೆ ಕೂತು ಅತ್ತುಬಿಟ್ಟೆ. ‘ಇಟ್ಕೊ ಬೇಟಿ, ಗೆದ್ದಾಕಿ ನೀನ. ಆಟ ಶುರು ಆದ ದಿನಾ ತಗೊಂಡ್ ಬಾ’ ಎಂದರು. ನನ್ನ ಹೆಸರು ಬರಬಾರದೆಂದೇ ಅಬಿದಾ, ಅವರು ನಿನಗೆ ಮೊಣಕಾಲು ಎಂದದ್ದು.