ನೆಟ್ಟಾಳ ಗೋಡೆಯ ಮೇಲಿನ ಹಲಗೆ

ಎಡಿನ್‌ಬರೊ, ಜುಲೈ ೨೮, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಸಂಜೆ ಅಬರ್ಡೀನಿನಿಂದ ತಂಗಿ ರೋನಾ ಫೋನ್ ಮಾಡಿದ್ದಳು. ಗಂಡನ ಜೊತೆ ಇಲ್ಲಿನ ಆಗಸ್ಟ್ ಉತ್ಸವಕ್ಕೆ ಬರುತ್ತಾಳಂತೆ; ಊರಿನ ಯಾವ ಭಾಗದಲ್ಲಿ ಉಳಿದರೆ ಚೆನ್ನ ಎಂದು ಕೇಳಿದಳು. ನಮ್ಮನೆಗೇ ಬಾ ಎಂದೆ.

"ಬೇಡ ಬಿಡಕ್ಕ, ನಿನ್ನ ಸೋಫಾ ಮೇಲೆ ಮಲಗಿದ್ರೆ ನಮ್ಮವರ ಸೊಂಟ ಉಳಿಯಲ್ಲ. ಹಳೇ ಪೇಟೇಲೇ ಒಂದು ಮನೆ ನೋಡಿದೀನಿ. ನಿನ್ನ ಕೆಳಗಡೆ ಮಹಡೀದೇ!"

ಅದು ನೆಟ್ಟಾಳ ಮನೆ. ಮದುವೆಯಾದಾಗಿನಿಂದ ಅಲ್ಲಿ ಬಾಡಿಗೆಗಿದ್ದವಳನ್ನು ಮಾಲೀಕ ಕಳೆದ ಚಳಿಗಾಲದಲ್ಲಿ ಒಕ್ಕಲೆಬ್ಬಿಸಿದ. ಊರಿನ ಹಳಮೆ ನೋಡಲು ಬರುವವರಿಗೆ ಜಾಗ ಬೇಕೆಂದು, ಆ ಹಳಮೆಯಲ್ಲಿ ಬದುಕಿದವಳನ್ನೇ ಹೊರಗೆ ಹಾಕಿದ. ನಾನು ಬಾಯಿ ತೆರೆಯುವ ಮೊದಲೇ ರೋನಾ ಆ ಮನೆಯ ಫೋಟೊಗಳನ್ನು ಬಣ್ಣಿಸತೊಡಗಿದಳು.

"ಗೋಡೆ ಮೇಲೆ ಮರದ ಹಲಗೆ ಇದೆ ಅಕ್ಕ. 'ಈ ವಾರ ಮೆಟ್ಟಿಲು ತೊಳೆಯುವ ಸರದಿ ನಿಮ್ಮದು' ಅಂತ ಬರೆದಿದೆ. ಎಷ್ಟು ಮುದ್ದಾಗಿದೆ!"

ಮುದ್ದಂತೆ! ಮೆಟ್ಟಿಲು ತೊಳೆದವರು ಆ ಹಲಗೆಯನ್ನು ಮುಂದಿನ ಮನೆಯ ಬಾಗಿಲಿಗೆ ತೂಗುಹಾಕುವುದು ಈ ಕಟ್ಟಡದಲ್ಲಿ ಬಹುಕಾಲದಿಂದಲೂ ನಡೆದುಬಂದದ್ದು. ನೆಟ್ಟಾ ಮನೆ ಬಿಟ್ಟ ವಾರವೇ ಅದು ಕಾಣೆಯಾಗಿತ್ತು.

"ಅದು ಅಲಂಕಾರ ಅಲ್ಲ ಕಣೇ, ನಮ್ಮ ಮೆಟ್ಟಿಲಿಂದ ಕದ್ದಿದ್ದು. ಆ ಮನೆ ಬೇಡ."

"ದುಡ್ಡು ಕಟ್ಟಾಯ್ತಲ್ಲಕ್ಕ! ಬೇಕಾದ್ರೆ ಹಲಗೆ ಕಿತ್ತು ತಂದು ನಿನ್ನ ಕೈಗೇ ಕೊಡ್ತೀನಿ, ಆಯ್ತಾ?"

ಕಟ್ಟಿದ ಮೇಲೆ ನನ್ನನ್ನು ಕೇಳಿದ್ದಾದರೂ ಏಕೆ?

ತಂದುಕೊಡಲಿ. ಆಮೇಲೆ? ಮೇಲಿನ ಮನೆಯಲ್ಲಿ ಪ್ರವಾಸಿಗರು, ಎದುರು ಮನೆಯಲ್ಲಿ ಪ್ರವಾಸಿಗರು, ವಾರವಾರವೂ ಬಕೆಟ್ ಹಿಡಿದು ಇಳಿಯುವವಳು ನಾನೊಬ್ಬಳೇ. ತೊಳೆದಾದ ಮೇಲೆ ಅದನ್ನು ಯಾರ ಬಾಗಿಲಿಗೆ ತೂಗುಹಾಕಲಿ?