ಚೆನ್ನೆಮಣೆಯನ್ನು ಸುಲಭ ಮಾಡುವುದು

೧೮ ಆಗಸ್ಟ್ ೨೦೦೭, ಶನಿವಾರ, ಮೂಡಬಿದಿರೆ

ಸೋಮವಾರ ಮುಂಬೈಯವರಿಗೆ ಉತ್ತರ ಹೇಳಲೇಬೇಕು. ಮಣೆಯ ಗುಳಿಗಳಿಗೆ ಕಾಯಿ ಹಂಚುತ್ತ ಆಡುವ ನಮ್ಮೂರ ಚೆನ್ನೆಮಣೆಯಿಂದ ನಾವು ಮೊಬೈಲಿಗೆ ಮಾಡಿದ ಆಟವನ್ನು ಸುಲಭ ಮಾಡಿಕೊಟ್ಟರೆ ದೇಶವಿಡೀ ಮಾರುತ್ತಾರಂತೆ.

"ಎಲ್ಲರೂ ಆಡುವ ಹಾಗೆ ಮಾಡುವ ಮಾರಾಯ್ತಿ. ನಮ್ಮ ಊರಿನವರಿಗೆ ಮಾತ್ರ ಮಾಡಿದ್ರೆ ಕಂಪೆನಿ ಉಳೀಲಿಕ್ಕುಂಟಾ?" ಎಂದ ನೌಫಲ್. ಕಂಪೆನಿ ಎಂದರೆ ನಾವಿಬ್ಬರೇ, ಆಫೀಸು ಎಂದರೆ ನಮ್ಮ ಮನೆಯ ಚಾವಡಿ.

ನಿಯಮಗಳನ್ನು ಅರ್ಧಕ್ಕಿಳಿಸಿದ ಆಟವನ್ನು ಸಂಜೆ ಅಮ್ಮನಿಗೆ ಕೊಟ್ಟೆ. ಕೂಡಲೇ ಗೆದ್ದರು. "ಇದ್ರಲ್ಲಿ ಯೋಚನೆ ಮಾಡ್ಲಿಕ್ಕೆ ಏನುಂಟು ವಿಜೇತಾ?" ಎಂದು ಮೊಬೈಲನ್ನು ಹಿಂದೆ ಕೊಟ್ಟರು. ಸುಲಭ ಮಾಡುವುದು ನನಗೂ ಇಷ್ಟವಿರಲಿಲ್ಲ, ಹಾಗಾಗಿ ಒಳಗೊಳಗೇ ಸಂತೋಷ.

ಆದರೆ ನೌಫಲನ ಜೊತೆ ಬಂದಿದ್ದ ಅವನ ತಂಗಿ ಶಿಫಾನಾ ಅದನ್ನು ಬಿಡಲೇ ಇಲ್ಲ. ಮೊದಲಿನ ಕಷ್ಟದ ಆಟದಲ್ಲಿ ಸೋತು ಬೇಸತ್ತಿದ್ದವಳು, ಈಗ ಗೆದ್ದು ಕಿರುಚಿದಳು. ಆಮೇಲೆ ಅಮ್ಮನ ಪಕ್ಕಕ್ಕೆ ಸರಿದು, "ಆಂಟಿ, ನಿಜವಾದ ಮಣೆಯಲ್ಲಿ ಹೇಗೆ ಆಡೋದು? ನಂಗೂ ಕಲಿಸಿ" ಎಂದಳು. ಅಮ್ಮ ಅಟ್ಟದಿಂದ ಮಣೆ ಇಳಿಸಿದರು. ಕತ್ತಲಾಗುವವರೆಗೂ ಇಬ್ಬರೂ ಎದ್ದೇಳಲಿಲ್ಲ.

ಸುಲಭದ್ದನ್ನೇ ಕಳುಹಿಸುವ ಎಂದು ನೌಫಲನಿಗೆ ಹೇಳಿಬಿಟ್ಟೆ. ಹೇಳಿದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಶಿಫಾನಾಳಿಗೆ ಕೇಳಲು ಪಕ್ಕದಲ್ಲಿ ಅಮ್ಮ ಇದ್ದರು. ಎಲ್ಲೋ ದೂರದ ಊರಿನಲ್ಲಿ ಬಸ್ಸಿಗೆ ಕಾಯುತ್ತ ಆಡುವವರು ಯಾರನ್ನು ಕೇಳುತ್ತಾರೆ? ಚೆನ್ನೆಮಣೆ ಎಂದರೆ ಇಷ್ಟೇ ಎಂದುಕೊಂಡು ಅವರು ಮೊಬೈಲನ್ನು ಕಿಸೆಗೆ ಹಾಕಿ ಬಸ್ಸು ಹತ್ತಿಬಿಟ್ಟರೆ?